ಪೈಲ್ವಾನನ ಡಬ್ಬಿ

ಅಪ್ಪನ ಯೂನಿಫಾರ್ಮನ್ನು ನೆನೆಹಾಕುವ ಮುಂಚೆ ಜೇಬು ತಡಕುವುದು ಅನುರಾಧಾಳ ರೂಢಿ. ಅಡಿಕೆ ಚೂರು, ಸುಣ್ಣದ ಕರಡಿಗೆ, ಹರಿದ ಲೋಕಲ್ ಟಿಕೇಟು, ಇಂಥವು ಸಿಗುತ್ತಿದ್ದವು. ಅಂಗಡಿಗೆ ರಜೆಯಿದ್ದ ಆ ಸೋಮವಾರ ಗುಳಿಗೆಯ ಪಟ್ಟಿ ಸಿಕ್ಕಿತು. ತಿಂಗಳ ಹಿಂದೆ ದವಾಖಾನೆಯ ಸಾಲಿನಲ್ಲಿ ನಿಂತು ಅವಳೇ ತಂದುಕೊಟ್ಟದ್ದು. ಬೆನ್ನಿನ ಬೆಳ್ಳಿಹಾಳೆ ಎಲ್ಲಿಯೂ ಒಡೆದಿರಲಿಲ್ಲ. ಒಂದು ಗುಳಿಗೆಯೂ ಹೊರಬಂದಿರಲಿಲ್ಲ.

ದಿನಾ ಬೆಳಗ್ಗೆ ಅವಳು ಕೇಳುವುದು, 'ಗುಳಿಗಿ ತಗೊಂಡಿ ಏನಪ್ಪಾ?' ಅವನು ಹೇಳುವುದು, 'ಹೂಂ ನಮ್ಮವ್ವಾ, ಆತು.' ಇಷ್ಟು ದಿನ ತಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು ಅವಳು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲೇ ಕೂತಳು. ನಲ್ಲಿಯ ನೀರು ತುಂಬಿ ಹರಿದು ಮೋರಿ ಸೇರುತ್ತಿತ್ತು. ನಿಲ್ಲಿಸಬೇಕೆಂದೂ ತೋಚಲಿಲ್ಲ.

ಅವಳ ಅಪ್ಪ ಕಾಶಪ್ಪ ವಿಜಾಪುರದ ಕಡೆಯಿಂದ ಬಂದವನು. ಭಾಂಡುಪಿನಲ್ಲಿ ಹಳೆಯ ಕಾರ್ಖಾನೆ ಕೆಡವಿ ಕಟ್ಟಿದ ಎತ್ತರದ ಬಿಲ್ಡಿಂಗಿನ ಗೇಟು ಕಾಯುತ್ತಾನೆ, ರಾತ್ರಿಪಾಳಿ. ಮನೆ ಅಲ್ಲೇ ಗುಡ್ಡದ ಚಾಳಿನಲ್ಲಿ. ಸಕ್ಕರೆ ಕಾಯಿಲೆ ಅವನಿಗೆ ಹತ್ತಿ ಎಷ್ಟೋ ವರ್ಷ. ಈ ಸಲ ದವಾಖಾನೆಗೆ ಕರೆದೊಯ್ದಾಗ ಡಾಕ್ಟರಬಾಯಿ ರಕ್ತದ ರಿಪೋರ್ಟಿನಲ್ಲಿ ಸಿಆರ್‌ಪಿ ಎಂಬ ಸಾಲಿಗೆ ಬಂದು ಪೆನ್ನು ನಿಲ್ಲಿಸಿದ್ದರು.

'ಒಳಗೆಲ್ಲೋ ಉರಿ ಎದ್ದಿದೆ,' ಎಂದಿದ್ದರು ಹಿಂದಿಯಲ್ಲಿ. 'ಜ್ವರ ಇಲ್ಲ, ಗಾಯ ಇಲ್ಲ, ಹಲ್ಲೂ ನೆಟ್ಟಗಿದೆ. ಸಕ್ಕರೆ ಹಳತಾದರೆ ರಕ್ತನಾಳದ ಒಳಗೋಡೆ ಹೀಗೆ ಮೆಲ್ಲಗೆ ಕಾಯುತ್ತ ಇರುತ್ತದೆ. ಇದೊಂದನ್ನೇ ನೋಡಿ ಏನೂ ಹೇಳಲಾರೆ. ಮೂತ್ರ ತಂದುಕೊಡಿ. ಕಿಡ್ನಿಗೆ ಪೆಟ್ಟು ಬೀಳುವ ಮೊದಲ ಹೊತ್ತಿನಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹನಿಹನಿಯಾಗಿ ಸೋರುತ್ತದೆ. ನೋವಾಗುವುದಿಲ್ಲ, ಬಾವು ಬರುವುದಿಲ್ಲ. ಆಗ ಹಿಡಿದರೆ ತಡೆಯಬಹುದು. ಬಿಟ್ಟರೆ ಮುಂದೆ ರಕ್ತ ತೊಳೆಯುವ ಮಷೀನಿಗೆ ಮಲಗಬೇಕಾದೀತು.' ಹೀಗೆಂದು ಕೆಂಪು ಮುಚ್ಚಳದ ಒಂದು ಡಬ್ಬಿ ಕೊಟ್ಟಿದ್ದರು.

ಅಜ್ಜಿ ಅಂಬವ್ವನ ಕತೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿರುತ್ತಿತ್ತು. ಅಪ್ಪನ ಜೀವ ಈ ಅಂಗೈಯಗಲದ ಡಬ್ಬಿಯಲ್ಲಿದೆ ಅನ್ನಿಸಿ ಅನುರಾಧಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಡ್ಯೂಟಿ ಚೀಲದಲ್ಲಿಟ್ಟಳು. ಬೆಳಗ್ಗೆ ಗೇಟಿಗೇ ಹೋಗಿ ತುಂಬಿದ ಡಬ್ಬಿ ಇಸಿದುಕೊಂಡು, ದವಾಖಾನೆಗೆ ಮುಟ್ಟಿಸಿ, ವಿಲೆ ಪಾರ್ಲೆಯ ತನ್ನ ಸೀರೆ ಅಂಗಡಿಗೆ ತಡವಾಗಿ ಓಡಿದಳು. ಶೇಠನಿಂದ ಬೈಸಿಕೊಂಡಳು. ವಾರದ ಮೇಲೆ ರಿಪೋರ್ಟ್ ಬಂತು. ಆಲ್ಬುಮಿನ್ ಸೋರುತ್ತಿತ್ತು. 'ಹೊತ್ತಿಗೆ ಸರಿಯಾಗಿ ಸಿಕ್ಕಿದೆ,' ಎಂದು ಡಾಕ್ಟರಬಾಯಿ ಗುಳಿಗೆ ಬರೆದರು. ರಾಕ್ಷಸ ಏಳುವ ಮುಂಚೆ ಗುಹೆ ಮುಟ್ಟಿದವಳಂತೆ ಅವಳು ಅಂದು ದಾದರ ಸ್ಟೇಶನ್ನಿನ ಗದ್ದಲದಲ್ಲೂ ಒಬ್ಬಳೇ ನಗುತ್ತ ಗಾಡಿ ಬದಲಿಸಿದ್ದಳು.

ಈಗ ಒದ್ದೆ ಕೈಯಲ್ಲೇ ಪಟ್ಟಿ ಹಿಡಿದು ಒಳಗೆ ಹೋಗಿ, ಪಾಳಿ ಮುಗಿಸಿ ಮಲಗಿದ್ದ ಅಪ್ಪನ ಹೊದಿಕೆ ಎಳೆದಳು.

'ಇದೇನಪ್ಪಾ?'

ಕಾಶಪ್ಪ ಒಂದು ಕಣ್ಣು ತೆರೆದ. 'ಗುಳಿಗಿ.'

'ಗುಳಿಗಿ ಅಂತ ನನಗೂ ಕಾಣತೈತಿ. ಹೊಟ್ಟ್ಯಾಗ ಇರಬೇಕಾದ್ದು ಕಿಸೆದಾಗ ಯಾಕೈತಿ?'

'ಮಕ್ಕೊಳ್ಳಾಕ ಬಿಡವಾ. ರಾತ್ರೆಲ್ಲಾ ನಿಂತು ಬಂದೀನಿ.'

'ಕುಂತು ಬಂದಿರತಾನ,' ಎಂದಳು ತಾಯಿ ಭಾಗವ್ವ, ರೊಟ್ಟಿ ಬಡಿಯುತ್ತಲೇ. 'ಇವನ ಕೆಳಗ ಸೊಸೈಟಿಯವರ ಕುರ್ಚಿ ಸವದು ಹೋದವಂತ.'

'ಅವ್ವಾ, ನೀ ಸುಮ್ಮನಿರು. ಅಪ್ಪಾ, ನಿನ್ನ ಕಿಡ್ನಿ ಸೋರಾಕತ್ತೈತಿ. ಸಣ್ಣ ಹುಡುಗರಿಗೆ ಹೇಳಿದಂಗ ಹೇಳ್ಯಾರ ಡಾಕ್ಟರು. ರಜಾ ಕಳದು, ಲೈನಿಗೆ ನಿಂತು, ಶೇಠನ ಕಡೆ ಬೈಸಿಗೊಂಡು ಯಾರ ಸಲುವಾಗಿ ಅಡ್ಡಾಡಾಕತ್ತೀನಿ ನಾನು?'

'ನನಗೇನೂ ಆಗಿಲ್ಲ. ನಂದೇನೂ ಸೋರಾಕತ್ತಿಲ್ಲ.'

'ರಿಪೋರ್ಟ್ ಝೂಟ್ ಅಂತಿಯೇನು?'

'ರಿಪೋರ್ಟ್ ಖರೇನ ಐತಿ.' ಕಾಶಪ್ಪ ಎದ್ದು ಕೂತು ಗೋಡೆಯ ಕಡೆ ನೋಡಿದ. 'ಉಚ್ಚಿ ನಂದಲ್ಲ.'

ರೊಟ್ಟಿ ಬಡಿಯುವ ಸದ್ದು ನಿಂತಿತು.

'ಮತ್ಯಾರದು?'

'ನಿಂಗಣ್ಣಂದು.'

ನಿಂಗಣ್ಣ ಅದೇ ಗೇಟಿನ ಹಗಲುಪಾಳಿಯ ವಾಚ್‌ಮನ್. ಹರೆಯದಲ್ಲಿ ಊರಿನ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನು. ಆ ರಸ್ತೆಯ ಗೇಟುಗಳಲ್ಲೆಲ್ಲ ಅವನಿಗೆ ಪೈಲ್ವಾನ ಎಂದೇ ಹೆಸರು. ವಾಚ್‌ಮನ್‌ಗಳನ್ನು ಒದಗಿಸುವ ಗುತ್ತಿಗೆದಾರ ವರ್ಷಕ್ಕೊಮ್ಮೆ ಎಲ್ಲರ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದ. ಸಕ್ಕರೆ ಕಂಡವನಿಗೆ ಮರುದಿನದಿಂದ ಡ್ಯೂಟಿ ಇಲ್ಲ. ಆದ್ದರಿಂದ ಮೈಯಲ್ಲಿ ಸಕ್ಕರೆ ಇದ್ದವರು ತಮ್ಮ ತಮ್ಮ ಡಬ್ಬಿಗಳನ್ನು ಪೈಲ್ವಾನನಿಗೆ ಒಪ್ಪಿಸುವುದು, ಅವನು ಅವರದೇ ಖರ್ಚಿನ ಚಹಾ ಕುಡಿದು ಧಾರಾಳವಾಗಿ ತುಂಬಿಸಿಕೊಡುವುದು ಅಲ್ಲಿಯ ಕಟ್ಟಳೆಯಾಗಿಹೋಗಿತ್ತು. ಹಬ್ಬಕ್ಕೆ ಮನೆಮನೆಗೆ ಎಳ್ಳುಬೆಲ್ಲ ಹಂಚಿದಷ್ಟೇ ಸಹಜವಾಗಿ ಅದು ನಡೆದುಬಂದಿತ್ತು. ಮಗಳು ಕರವಸ್ತ್ರದಲ್ಲಿ ಸುತ್ತಿಟ್ಟ ಡಬ್ಬಿ ಕಂಡಾಗಲೂ ಕಾಶಪ್ಪನ ಕೈ ಹಳೆಯ ದಾರಿಯನ್ನೇ ಹಿಡಿದಿತ್ತು. ಬೆಳಗ್ಗೆ ಪಾಳಿ ಬದಲಾಗುವಾಗ ಅದನ್ನು ನಿಂಗಣ್ಣನ ಕೈಗಿಟ್ಟಿದ್ದ.

'ಡಬ್ಬಿ ಅಂದಮ್ಯಾಲೆ ಪಾಸಾಗಬೇಕಲ್ಲೇನು,' ಎಂದ ಈಗ, ಸಣ್ಣ ದನಿಯಲ್ಲಿ. 'ಚಲೋ ರಿಪೋರ್ಟ್ ಬಂದ್ರ ನಿನಗೂ ಸಮಾಧಾನ ಆಗತೈತಿ ಅಂತ.'

'ಅದೇನು ನಿನ್ನ ಗುತ್ತಿಗೆದಾರನ ಪರೀಕ್ಷಾ ಆಗಿತ್ತೇನಪ್ಪಾ? ಬ್ಯಾನಿ ಹುಡುಕಾಕ ಹೋಗಿದ್ವಿ ನಾವು. ಮುಚ್ಚಾಕ ಹೋಗಿದ್ದಿಲ್ಲ.'

ಭಾಗವ್ವ ಸೊಂಟದ ಮೇಲೆ ಕೈಯಿಟ್ಟಳು. 'ಹಂಗಾರ ತಿಂಗಳಿಂದ ನಾ ಸಪ್ಪನ ಪಲ್ಯಾ ಮಾಡಾಕತ್ತಿದ್ದು ಆ ಪೈಲ್ವಾನನ ಸಲುವಾಗೇನು?'

ಅನುರಾಧಾಳಿಗೆ ನಗು ಬರಲಿಲ್ಲ. ರಕ್ತ ಅಪ್ಪನದು, ಮೂತ್ರ ನಿಂಗಣ್ಣನದು. ಉರಿ ಒಬ್ಬನ ಒಳಗೆ, ಸೋರಿಕೆ ಇನ್ನೊಬ್ಬನ ಒಳಗೆ. ಅಪ್ಪನ ಕಿಡ್ನಿ ಹೇಗಿದೆಯೋ ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಕಿಡ್ನಿ ಕೆಡುತ್ತಿರುವ ಇನ್ನೊಬ್ಬ ಮನುಷ್ಯ ಏನೂ ಅರಿಯದೆ ಗೇಟು ತೆಗೆದು ಹಾಕಿ ಮಾಡುತ್ತಿದ್ದಾನೆ.

'ನಿಂಗಣ್ಣಗ ಹೇಳಿಯೇನು?' ಎಂದಳು.

ಕಾಶಪ್ಪ ಹೊದಿಕೆಯ ಅಂಚು ಮಡಿಸತೊಡಗಿದ.

'ತಿಂಗಳಾತಪ್ಪಾ.'

'ಹೆಂಗ ಹೇಳಲಿ? ಅಂವ ಗಟ್ಟಿ ಅದಾನ ಅಂತ ಎಲ್ಲಾರದೂ ಡ್ಯೂಟಿ ನಡದೈತಿ. ಅವನ ಡಬ್ಬಿನೂ ಕೆಟ್ಟೈತಿ ಅಂದ್ರ ನಾವೆಲ್ಲಾ ಎಲ್ಲಿಗೆ ಹೋಗೂದು?'

'ಅವನ ಹೆಂಡತಿ ಮಕ್ಕಳು ಎಲ್ಲಿಗೆ ಹೋಗೂದು, ಅದನ್ನ ಹೇಳು ಮೊದಲ.'

ಅವಳು ಗೂಟದ ಅಂಗಿ ತೆಗೆದು ಅಪ್ಪನ ತೊಡೆಯ ಮೇಲೆ ಎಸೆದಳು. ಅವನು ತೊಟ್ಟುಕೊಂಡ. ಇಬ್ಬರೂ ಗುಡ್ಡದ ಮೆಟ್ಟಿಲಿಳಿದು ಗೇಟಿನ ಕಡೆ ನಡೆದರು. ಅವನು ಎರಡು ಸಲ ನಿಂತ. ಅವಳು ಎರಡು ಸಲವೂ ಹಿಂದೆ ತಿರುಗಿ ನೋಡಿದಳು. ಅವನು ಮತ್ತೆ ನಡೆದ.

ನಿಂಗಣ್ಣ ಗೇಟಿನ ಪಕ್ಕ ಕೊಳವೆ ಹಿಡಿದು ಕಟ್ಟೆಗೆ ನೀರು ಬಿಡುತ್ತಿದ್ದ. ಅನುರಾಧಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೊನೆತನಕ ಕೇಳಿ, ನಲ್ಲಿ ಬಂದ್ ಮಾಡಿ, ನಕ್ಕ.

'ನನ್ನ ಕಿಡ್ನಿಯೇನು ತಂಗೆವ್ವಾ? ಮೊನ್ನೆ ಲಿಫ್ಟ್ ಕೆಟ್ಟಾಗ ಜೋಶಿಯವರ ಫ್ರಿಜ್ ಒಬ್ಬಾವನ ಬೆನ್ನ ಮ್ಯಾಲೆ ಹೊತ್ತು ಏರಿಸೀನಿ. ಕೇಳು ಬೇಕಾರ.'

'ಹೊರಾಕ ಬೆನ್ನು ಬೇಕು, ಕಿಡ್ನಿ ಅಲ್ಲ. ನಿನಗ ಸಕ್ಕರಿ ಐತೋ, ಬಿಪಿ ಐತೋ, ಯಾರ ನೋಡ್ಯಾರ?'

'ವರ್ಷಾ ನೋಡತಾರಲ್ಲ. ಒಂದು ಡಬ್ಬಿ ಅಲ್ಲ, ನನ್ನವ ನಾಕಾರು ಡಬ್ಬಿ ಪಾಸಾಗತಾವ.'

'ಗುತ್ತಿಗೆದಾರ ಕಾಗದದ ಪಟ್ಟಿ ಅದ್ದಿ ನೋಡಸತಾನ. ಇಷ್ಟು ಸಣ್ಣ ಸೋರಿಕಿ ಆ ಪಟ್ಟಿಗೆ ಸಿಗಂಗಿಲ್ಲ ಅಂತ ಡಾಕ್ಟರಬಾಯಿನ ಹೇಳ್ಯಾರ.'

'ನೋವಿಲ್ಲ, ನಿಶ್ಶಕ್ತಿ ಇಲ್ಲ.' ನಿಂಗಣ್ಣ ಎದೆ ತಟ್ಟಿಕೊಂಡ. 'ನನಗೇನೂ ಆಗಿಲ್ಲ.'

ಒಂದೇ ಬೆಳಗಿನಲ್ಲಿ ಎಷ್ಟು ಗೋಡೆಗಳಿಗೆ ತಲೆ ಚಚ್ಚಿಕೊಳ್ಳುವುದು? ಅವಳು ಮುಖ ತಿರುಗಿಸಿದಳು. ಆಗ ಹಿಂದಿನಿಂದ ಕಾಶಪ್ಪನ ದನಿ ಬಂತು.

'ಏ ಹುಚ್ಚಾ, ನೋವು ಆಗಂಗಿಲ್ಲಲೇ ಅದು. ನೋವು ಆಗೂದರಾಗ ಎಲ್ಲಾ ಮುಗದಿರತೈತಿ. ಹೊತ್ತಿಗೆ ಸರಿಯಾಗಿ ಸಿಕ್ಕೈತಿ ಈಗ. ಸಣ್ಣ ಹುಡುಗರಿಗೆ ಹೇಳಿದಂಗ ಹೇಳಬೇಕೇನು ನಿನಗ? ಈ ಹುಡುಗಿ ರಜಾ ಕಳದು, ಲೈನಿಗೆ ನಿಂತು, ಯಾರ ಸಲುವಾಗಿ ಅಡ್ಡಾಡಾಕತ್ತಾಳ?'

ಮನೆಯಲ್ಲಿ ತಾನು ಕೂಗಿದ ಮಾತುಗಳೇ ಅಪ್ಪನ ಬಾಯಲ್ಲಿ ಕೇಳಿ ಅವಳು ಬೆರಗಾಗಿ ನಿಂತಳು. ಅವನ ಕಿವಿಯೊಳಗೆ ಅವು ಹೋಗಿದ್ದವು ಹಾಗಾದರೆ. ಇಷ್ಟು ಹೊತ್ತು ಎಲ್ಲಿ ಅಡಗಿ ಕೂತಿದ್ದವೋ.

ನಿಂಗಣ್ಣ ಮಾತ್ರ ಜಗ್ಗಲಿಲ್ಲ. 'ಕಾಕಾ, ನೀ ನಿಂದು ನೋಡಿಸಿಯೇನು?'

ಕಾಶಪ್ಪ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

'ನೋಡಿಸಿಲ್ಲಲ್ಲ. ನನ್ನ ಬೆನ್ನಿಗೆ ಅಡಗಿ ಕುಂತು ನನಗ ಬುದ್ಧಿ ಹೇಳತಿ.' ಈಗ ನಿಂಗಣ್ಣನ ಮುಖದಲ್ಲಿ ನಗುವಿರಲಿಲ್ಲ. 'ತಿಂಗಳಿಂದ ಗೊತ್ತಿತ್ತು ನಿನಗ. ದಿನಾ ಪಾಳಿ ಬದಲಸೂವಾಗ ನನ್ನ ಮಾರಿ ನೋಡಿ ಹೋಗಿದಿ.'

ಬಿಲ್ಡಿಂಗಿನ ಮೇಲಿಂದ ಯಾರೋ ಚಾದರ ಝಾಡಿಸಿದರು. ಧೂಳು ಮೂವರ ಮೇಲೂ ಇಳಿಯಿತು. ಕಾಶಪ್ಪ ತಲೆಯ ಮೇಲಿನ ಧೂಳು ಕೊಡವಿಕೊಂಡ. ಆಮೇಲೆ, 'ನಡಿ,' ಎಂದ. 'ಇಬ್ಬರೂ ಹೋಗೂಣು. ಮೊದಲ ನಂದು ಕೊಡತೀನಿ, ನಿನ್ನ ಎದುರಿಗೆ. ಆಮ್ಯಾಲೆ ನಿನ್ನ ಖುಷಿ.'

'ಗೇಟು?' ಎಂದ ನಿಂಗಣ್ಣ.

'ನಾ ಕುಂಡರತೀನಿ,' ಎಂದಳು ಅನುರಾಧಾ. 'ದವಾಖಾನ್ಯಾಗ ದುಪಾರತನಕ ತಗೋತಾರ. ಡಬ್ಬಿ ಅಲ್ಲೇ ಕೊಡತಾರ, ಅಲ್ಲೇ ತುಂಬಿಕೊಡ್ರಿ.'

ಸೀಟಿಯನ್ನು ಅವಳ ಕೈಗೆ ಕೊಟ್ಟು ನಿಂಗಣ್ಣ ಹೊರಟ. ಕಾಶಪ್ಪ ಅವನ ಹಿಂದೆ. ಎರಡು ಬೆನ್ನುಗಳು ರಿಕ್ಷಾ ಸ್ಟ್ಯಾಂಡಿನ ಕಡೆ ಹೋದವು, ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿಟ್ಟುಕೊಂಡು. ಇವರು ದವಾಖಾನೆಗೇ ಹೋಗುತ್ತಾರೋ, ಚಹಾದಂಗಡಿಯಲ್ಲಿ ರಾಜಿಯಾಗಿ ಇನ್ನೊಬ್ಬ ಗಟ್ಟಿಮುಟ್ಟಾದವನನ್ನು ಹುಡುಕುತ್ತಾರೋ, ನೆಚ್ಚುವ ಹಾಗಿರಲಿಲ್ಲ.

'ಅಪ್ಪಾ,' ಎಂದು ಅವಳು ರಸ್ತೆ ಕೇಳುವ ಹಾಗೆ ಕೂಗಿದಳು. 'ಒಬ್ಬೊಬ್ಬರ ಒಳಗ ಹೋಗ್ರಿ. ಯಾರದು ಅವರಾ ತುಂಬ್ರಿ.'

ರಿಕ್ಷಾದವರೆಲ್ಲ ತಿರುಗಿ ನೋಡಿದರು. ಕಾಶಪ್ಪ ತಿರುಗದೆಯೇ ಕೈ ಎತ್ತಿದ. ಆಯಿತು ಎಂದೋ, ಸಾಕು ಮಾಡು ಎಂದೋ ಅವಳಿಗೆ ತಿಳಿಯಲಿಲ್ಲ. ಹಿಂದೆ ಒಂದು ಕಾರು ಬಂದು ಹಾರ್ನ್ ಒತ್ತತೊಡಗಿತು. ಅವಳು ತಿರುಗಿ ಎರಡೂ ಕೈಯಿಂದ ಗೇಟನ್ನು ಜಗ್ಗಿದಳು. ಅದು ಇಷ್ಟು ಭಾರವಿರುತ್ತದೆಂದು ಅಪ್ಪ ಎಂದೂ ಹೇಳಿರಲಿಲ್ಲ.