ಡಬ್ಬಿಯೊಳಗಿನ ಕಾರ್ಡು

ಕಂಪ್ಯೂಟರಿನ ಡಬ್ಬಿಯನ್ನು ಟೇಬಲಿನ ಮೇಲೆ ಅಡ್ಡ ಮಲಗಿಸಿ ಅಂಬಣ್ಣ ಸ್ಕ್ರೂ ಬಿಚ್ಚುತ್ತಿದ್ದ. ಧರ್ಮಣ್ಣನ ಹೆಣ ಹೊತ್ತ ಜೀಪು ಕಲಬುರಗಿಯಿಂದ ಬಂದು ಕಮಲಾಪುರದ ಮನೆ ಮುಂದೆ ನಿಂತಾಗಿತ್ತು. ತಲೆಯ ಹತ್ತಿರ ಇಡಲು ಫೋಟೋ ಬೇಕೆಂದು ಮನೆಯವರು ಕಾಯುತ್ತಿದ್ದರು. ಫೋಟೋ ಇದ್ದದ್ದು ಅಂಬಣ್ಣನ ಸ್ಟುಡಿಯೋದ ಈ ಕಂಪ್ಯೂಟರಿನಲ್ಲಿ. ಇದು ನೋಡಿದರೆ ಬೆಳಗಿನಿಂದ ಬೀಪ್ ಬೀಪ್ ಎಂದು ಅರಚುತ್ತಿತ್ತೇ ಹೊರತು ಪರದೆ ಮೇಲೆ ಏನೂ ಮೂಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಕಲಬುರಗಿಯ ಸೇಡಂ ರಸ್ತೆಯ ತನ್ನ ಕಂಪ್ಯೂಟರ್ ಅಂಗಡಿಗೆ ಬೀಗ ಹಾಕಿ ಓಡಿ ಬರುತ್ತಿದ್ದವನು ಧರ್ಮಣ್ಣನೇ. ಎದೆನೋವು ಎಂದವನು ದವಾಖಾನೆಯನ್ನೂ ಮುಟ್ಟಲಿಲ್ಲ.

“ರ‍್ಯಾಮ್ ತೆಗೀರಿ, ರಬ್ಬರ್‌ಲೇ ತಿಕ್ಕಿ ಮತ್ತ ಕೂಡಿಸ್ರಿ,” ಎಂದ ಖಮರುದ್ದೀನ್. ಮೋಮಿನಪುರದಲ್ಲಿ ಮದುವೆ ಕಾರ್ಡು ಛಾಪಿಸುವವನು. ಧರ್ಮಣ್ಣನಿಂದಲೇ ಕಂಪ್ಯೂಟರ್ ಜೋಡಿಸಿಕೊಂಡಿದ್ದ, ಈಗ ಅವನ ಮಣ್ಣಿಗೆ ಬಂದಿದ್ದ.

“ನಾ ಇದನ್ನ ಯಾವತ್ತೂ ಬಿಚ್ಚಿಲ್ಲ ಭಾಯಿ. ಎಲ್ಲಾ ಅವನೇ ನೋಡ್ತಿದ್ದ.”

ಮುಚ್ಚಳ ಸರಿಸಿದರೆ ಒಳಗೆ ಧೂಳೋ ಧೂಳು. ಖಮರುದ್ದೀನ್ ಊದಿ, ಬೆರಳಿಟ್ಟು ತೋರಿಸಿದ. “ಇದು ಮದರ್‌ಬೋರ್ಡು, ಎಲ್ಲಾ ಇದರ ಮ್ಯಾಲೇ ಕೂಡ್ತದ. ಫ್ಯಾನಿನ ಕೆಳಗ ಪ್ರೊಸೆಸರ್ ಅದ. ಈ ಪಟ್ಟಿ ವಾಯರ್ ಹಾರ್ಡ್‌ಡಿಸ್ಕಿಗಿ ಹೋಗ್ತದ.” ರ‍್ಯಾಮ್ ಪಟ್ಟಿಯನ್ನು ಕಿತ್ತು, ತಿಕ್ಕಿ, ಟಕ್ ಎನ್ನುವ ಹಾಗೆ ಒತ್ತಿ ಕೂಡಿಸಿದ. ಪರದೆ ಬೆಳಗಿತು. ಅಂಬಣ್ಣನಿಗೆ ಹೋದ ಜೀವ ಬಂದಂತಾಯಿತು.

“ನಿಮ್ಮ ಡಿಸ್‌ಪ್ಲೇ ಕಾರ್ಡ್ ಎಲ್ಲದ ರೀ?”

“ಹಿಂದ ಅದಲ್ಲ, ಕೆಳಗಿನ ಸಾಕೆಟ್ಟು.”

ಖಮರುದ್ದೀನ್ ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಹೊರಗಿನಿಂದ ಸಾಕೆಟ್ಟು ಇತ್ತು. ಒಳಗೆ ಏನೂ ಇರಲಿಲ್ಲ. ಯಾವುದೋ ಸತ್ತ ಕಾರ್ಡಿನ ಮೂತಿಯನ್ನಷ್ಟೇ ಕತ್ತರಿಸಿ, ಆ ತಗಡನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ಕಾರ್ಡು ಕೂಡಬೇಕಾದ ಖಾನೆಯಲ್ಲಿ ಧೂಳು ತುಂಬಿತ್ತು.

* * *

ಸ್ಟುಡಿಯೋ ತೆರೆದ ಹೊಸದರಲ್ಲಿ ಪರದೆಯ ಮೇಲೆ ಫೋಟೋಗಳು ಮಂಕಾಗಿ ಕಾಣುತ್ತಿದ್ದವು. ಬೇರೆ ಡಿಸ್‌ಪ್ಲೇ ಕಾರ್ಡು ಹಾಕಿದರೆ ಬಣ್ಣ ಎದ್ದು ಬರುತ್ತದೆ ಎಂದಿದ್ದ ಧರ್ಮಣ್ಣ. ಅಂಬಣ್ಣ ಅಪ್ಪನ ಕಾಲದ ಕ್ಯಾಮರಾ ಮಾರಿ ಅದಕ್ಕೆ ದುಡ್ಡು ಕೊಟ್ಟ.

“ತಡಿ ಧರ್ಮಾ, ಯಾವ ವಾಯರ್ ಎಲ್ಲಿ ಹೋಗ್ತದ ನಾನೂ ನೋಡ್ತೇನಿ.”

“ಯಾಕೋ ದೋಸ್ತ, ನನ್ನ ಮ್ಯಾಲ ನಂಬಿಗಿ ಇಲ್ಲೇನು?”

ಆ ಮಾತಿಗೆ ಅಂಬಣ್ಣನಿಗೆ ಭಾರೀ ನಾಚಿಕೆಯಾಯಿತು. ಚಡ್ಡಿ ದೋಸ್ತನ ಮೇಲೆ ಕಾವಲು ಕೂಡುವುದೇ? ಅವನಿಗಿಷ್ಟದ ಕೆಂಪು ಬಾಳೆಹಣ್ಣು ತರಲು ಬಜಾರಿಗೆ ಹೋದ. ಬರುವಷ್ಟರಲ್ಲಿ ಮುಚ್ಚಳ ಬಿಗಿದಾಗಿತ್ತು.

“ಮಾನಿಟರಿನ ವಾಯರ್ ಮ್ಯಾಲಿನ ಸಾಕೆಟ್ಟಿಗೇ ಇರ್ಲಿ,” ಎಂದ ಧರ್ಮಣ್ಣ ಹಣ್ಣು ಸುಲಿಯುತ್ತ. “ಒಳಗಿಂದೊಳಗ ಜೋಡಿಸೀನಿ. ಕೆಳಗಿಂದಕ್ಕ ಕೈ ಹಚ್ಚಬ್ಯಾಡ, ಸುಟ್ಟು ಹೋಗ್ತದ.”

ಬಣ್ಣ ನಿಜವಾಗಿಯೂ ಹೊಳೆಯುತ್ತಿದೆ ಎಂದೇ ಅಂಬಣ್ಣನಿಗೆ ಕಂಡಿತು. ಬಂದವರಿಗೆಲ್ಲ ಕರೆದು ತೋರಿಸಿದ. ವಾಯರ್ ಕೆಳಗಿನದಕ್ಕೆ ಹಾಕಬೇಕಲ್ಲ ಎಂದ ಗಿರಾಕಿಯೊಬ್ಬನನ್ನು, ಧರ್ಮಣ್ಣನಿಗಿಂತ ಹೆಚ್ಚು ಗೊತ್ತೇನು ನಿನಗೆ ಎಂದು ಬೈದು ಕಳಿಸಿದ್ದ.

* * *

“ನನ್ನ ಮಷೀನಿಂದು ಖರೇ ಕಾರ್ಡ್ ಅದ ನೋಡ್ರಿ, ಇವತ್ತಿಗೂ ನಡೀತದ,” ಎಂದ ಖಮರುದ್ದೀನ್. “ನನಗ ಅವನ ಪರಿಚಯ ಇರ್ಲಿಲ್ಲ, ನಂಬಿಗೀನೂ ಇರ್ಲಿಲ್ಲ. ಎದುರಿಗಿ ಕುಂತು ಒಂದೊಂದು ಸಾಮಾನು ಕೈಯಾಗ ಹಿಡದು ನೋಡಿ ಹಾಕಿಸ್ದೆ.” ಅಂಬಣ್ಣನ ಮುಖ ನೋಡಿ, ಬಿಚ್ಚಿಟ್ಟ ಸ್ಕ್ರೂಗಳನ್ನು ಹೆಕ್ಕತೊಡಗಿದ.

ಅಂಬಣ್ಣ ಆ ತಗಡನ್ನು ಬೆರಳಿನಿಂದ ತಡವಿದ. ಸಂಶಯಪಟ್ಟವನಿಗೆ ಖರೇ ಕಾರ್ಡು, ಜೀವ ಇಟ್ಟವನಿಗೆ ತಗಡು. ಅಂಬಣ್ಣ ಈ ಡಬ್ಬಿಯನ್ನು ಎಂದೂ ಬಿಚ್ಚಿ ನೋಡುವುದಿಲ್ಲ ಎಂದು ಧರ್ಮಣ್ಣನಿಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದ್ದ. ಪರದೆಯ ಮೇಲೆ ತೆರೆದ ಫೋಟೋದಲ್ಲಿ ಅವನೇ ಹಲ್ಲು ಬಿಟ್ಟು ನಗುತ್ತಿದ್ದ. ಅಂಬಣ್ಣ ಆ ಫೋಟೋವನ್ನು ಪ್ರಿಂಟಿಗೆ ಕೊಟ್ಟ.

ಮನೆಯಲ್ಲಿ ಚಂದಮ್ಮ ಗಂಡನ ಫೋಟೋ ಎದೆಗವಚಿಕೊಂಡು ಅತ್ತಳು. “ಅಣ್ಣಾ, ನಿಮ್ಮ ಮಷೀನಿಗಿ ಹಾಕಿದಂಥ ಸಾಮಾನು ಯಾರಿಗೂ ಹಾಕಿಲ್ಲ ಅಂತಿದ್ರು.”

ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಮಾತು ಅಂಬಣ್ಣನ ನಾಲಗೆ ತುದಿಗೆ ಬಂದಿತ್ತು. ಇವರೆಲ್ಲರ ಮುಂದೆ ಹೇಳಿಬಿಡಬೇಕು ಅನ್ನಿಸಿತು. ಆ ಹೆಣ್ಣುಮಗಳ ಮುಖ ನೋಡಿದ.

“ಹೌದವ್ವಾ, ಯಾರಿಗೂ ಹಾಕಿಲ್ಲ,” ಎಂದ.

ಹೆಗಲು ಕೊಟ್ಟ. ಮಣ್ಣೂ ಕೊಟ್ಟ. ಗುಂಡಿ ಮುಚ್ಚಿದ ಮೇಲೆ ಹಿರಿಯ ಅಣವೀರಪ್ಪ ಎಂದಿನಂತೆ ಎಲ್ಲರನ್ನೂ ಹೊರಡಿಸಿದ. “ಮಣ್ಣು ಕೊಟ್ಟವರು ಹಿಂದ ತಿರುಗಿ ನೋಡಬ್ಯಾಡ್ರಿ. ಸೀದಾ ಮನಿ ಕಡಿ ನಡೀರಿ.”

ಜನ ತಲೆ ತಗ್ಗಿಸಿ ನಡೆದರು. ಅವರೊಂದಿಗೆ ನಾಲ್ಕು ಹೆಜ್ಜೆ ಹೋದ ಅಂಬಣ್ಣ ನಿಂತ. ತಿರುಗಿದ. ವಾಪಸು ಬಂದು ಹಸಿ ಮಣ್ಣಿನ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

“ಅಂಬಣ್ಣಾ, ಹಂಗ ನೋಡಬಾರದು, ಏಳು,” ಎಂದು ಅಣವೀರಪ್ಪ ದೂರದಿಂದ ಕರೆದ.

ಅಂದು ಬಜಾರಿಗೆ ಎದ್ದು ಹೋಗಿದ್ದ ಅಂಬಣ್ಣ ಇಂದು ಕಣ್ಣು ಕದಲಿಸದೆ ನೋಡುತ್ತಲೇ ಇದ್ದ.