ಇಪ್ಪತ್ತು ನಿಮಿಷದ ಗುಂಡ

"ಬಿದ್ದ," ಎಂದಳು ನಾದಿನಿ.

"ಮೂರು ಏಟು ತಿಂದು ಬಿದ್ದ," ಎಂದಳು ಅತ್ತಿಗೆ. "ಅದನ್ನೂ ಸೇರಿಸಿ ಹೇಳು."

"ಸೋತಿದ್ದು ಸೋತಿದ್ದೇ ಅತ್ತಿಗೆ. ಮೂರನೇ ಏಟಿಗೆ ಬಿದ್ದೋರಿಗೆ ಬೇರೆ ಬಹುಮಾನ ಇಟ್ಟಿದ್ದಾರಾ?"

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಬಟ್ಟೆ ಒಣಗಿಸುವ ನಾಲ್ಕು ಯಂತ್ರಗಳು ಒಂದೇ ಸಮ ಗುಂಯ್ಗುಡುತ್ತಿದ್ದವು. ಬಿಸಿ ಆರದ ಬೆಡ್‌ಶೀಟುಗಳ ರಾಶಿಗೆ ಒರಗಿ ಇಬ್ಬರೂ ಕೂತಿದ್ದರು. ಇಬ್ಬರ ಕೈಯಲ್ಲೂ ಅಂಗೈಯಗಲದ ಆಟದ ಯಂತ್ರ. ಊಟದ ಡಬ್ಬಿಗಳು ಆಗಲೇ ಖಾಲಿಯಾಗಿ ಬದಿಗೆ ಸರಿದಿದ್ದವು.

ಅತ್ತಿಗೆಗೆ ನಲವತ್ತಾರು ವಯಸ್ಸು. ಶೀಟು ಮಡಿಸುವ ಮೇಜು ಅವಳದು. ಮೇಲಿನ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ನಾದಿನಿ, ಅಂದರೆ ಗಂಡನ ತಂಗಿ, ಹೊತ್ತುಗೊತ್ತಿಲ್ಲದೆ ಮೆಟ್ಟಿಲ ಮೇಲಿಂದ "ಅತ್ತಿಗೇ" ಎಂದು ಕೂಗಿ ಕೂಗಿ, ಈಗ ಇಡೀ ಆಸ್ಪತ್ರೆಗೇ ಅವಳು ಅತ್ತಿಗೆಯಾಗಿದ್ದಳು. ತಲೆ ನರೆತ ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು. ಅವರ ಅಣ್ಣ ಯಾರೆಂದು ಅವಳು ಇನ್ನೂ ಕೇಳಿರಲಿಲ್ಲ, ಅಷ್ಟೆ.

ಆಟ ಸರಳವಾದದ್ದು. ಪರದೆಯೊಳಗಿನ ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ನಾದಿನಿಯ ಬಳಿ ಅಂಥವು ಮುನ್ನೂರು ಚಿಲ್ಲರೆ ಇದ್ದವು. ಅತ್ತಿಗೆಯ ಬಳಿ ಹನ್ನೊಂದು; ಅದರಲ್ಲಿ ಹತ್ತು ಹೆಸರಿಗೆ ಮಾತ್ರ. ಹನ್ನೊಂದನೆಯವನು ಗುಂಡ. ಬೆನ್ನ ಮೇಲೊಂದು ಕಲ್ಲು ಹೊತ್ತುಕೊಂಡು, ಆಮೆಯೂ ಅಲ್ಲದ, ಕಪ್ಪೆಯೂ ಅಲ್ಲದ, ನಡೆದರೆ ಎಲ್ಲಿ ನಿದ್ದೆ ಕೆಡುತ್ತದೋ ಎನ್ನುವಂಥ ಪ್ರಾಣಿ.

"ಈ ಸಲ ಸ್ಪರ್ಧೆಗೆ ಇವನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಇಳಿಸಿ. ನನ್ನ ಹತ್ರ ಇರೋದ್ರಲ್ಲೇ ಒಂದು ಕೊಡ್ತೀನಿ," ಎಂದಳು ನಾದಿನಿ.

"ಇಳಿದ್ರೆ ಇವನೇ ಇಳಿಯೋದು."

ಅವಳ ಈ ಹಟಕ್ಕೆ ಒಂದು ವರ್ಷ ವಯಸ್ಸು. ಹೋದ ವರ್ಷ ಸಿಬ್ಬಂದಿ ದಿನಾಚರಣೆಯಲ್ಲಿ, ಚದುರಂಗ, ಹಗ್ಗ ಜಗ್ಗಾಟಗಳ ಜೊತೆ ಈ ಆಟದ ಸ್ಪರ್ಧೆಯೂ ಇತ್ತು. ಅತ್ತಿಗೆಗೆ ಮೊದಲ ಸುತ್ತಿನಲ್ಲೇ ಎದುರಾದವನು ಎಕ್ಸ್‌ರೇ ಸಾಹೇಬ. ಕೆಲಸ ಎಕ್ಸ್‌ರೇ ತೆಗೆಯುವುದು. ಸಾಹೇಬ ಎಂಬುದು ಅವನ ಗತ್ತಿಗೆ ಜನ ಕೊಟ್ಟ ಬಿರುದು. ಗುಂಡ ಒಂದೇ ಒಂದು ಏಟನ್ನೂ ಹಾಕಲಾಗದೆ ಉರುಳಿದಾಗ ಅವನು ಕ್ಯಾಂಟೀನಿನಲ್ಲಿದ್ದ ಅಷ್ಟೂ ಜನರ ಮುಂದೆ ಕೇಳಿದ್ದ: "ಅತ್ತಿಗೆ, ಇದನ್ನ ಸಾಕಿದ್ದೀರೋ, ಸುಮ್ನೆ ಇಟ್ಕೊಂಡಿದ್ದೀರೋ?"

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ಆದರೆ ಆ ಮಾತು ಒಳಗೆಲ್ಲೋ ನಾಟಿತು. ನಾಲ್ಕು ವರ್ಷದ ಹಿಂದೆ, ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅವಳ ಅಮ್ಮ ತೀರಿಕೊಂಡಿದ್ದರು. ತಿಂಗಳು ಕಳೆದು ಕೆಲಸಕ್ಕೆ ಬಂದವಳು ದಿನಾ ಇಪ್ಪತ್ತು ನಿಮಿಷದ ಊಟದ ಹೊತ್ತಿನಲ್ಲಿ ಶೀಟುಗಳ ಮರೆಯಲ್ಲಿ ಕೂತು ಅಳುತ್ತಿದ್ದಳು. ಒಂದು ದಿನ ನಾದಿನಿ ತನ್ನ ಹಳೆಯ ಆಟದ ಯಂತ್ರವನ್ನು ತಂದು ಅವಳ ಮಡಿಲಿಗೆ ಹಾಕಿ, "ಅಳೋಕೆ ಇಪ್ಪತ್ತು ನಿಮಿಷ ಎಲ್ಲಿಗೂ ಸಾಲಲ್ಲ ಅತ್ತಿಗೆ, ಇದನ್ನ ಆಡಿ," ಎಂದಿದ್ದಳು. ಅವತ್ತು ಆಟದೊಳಗಿನ ಕೆರೆ ದಡದಲ್ಲಿ ಹಿಡಿದವನು ಗುಂಡ. ಅಂದಿನಿಂದ ಒಂದು ಮಧ್ಯಾಹ್ನವೂ ಅವನನ್ನು ಬಿಟ್ಟು ಕಳೆದಿರಲಿಲ್ಲ. ಅವನನ್ನು ಸುಮ್ಮನೆ ಇಟ್ಟುಕೊಂಡಿದ್ದೆ ಎಂದರೆ ಇಷ್ಟು ವರ್ಷ ತಾನೇನು ಮಾಡಿದೆ?

ಈ ಸಲ ಒಂದು ಸುತ್ತು ಗೆಲ್ಲಬೇಕು. ಗುಂಡನೇ ಗೆಲ್ಲಬೇಕು. ಸ್ಪರ್ಧೆಗೆ ಇನ್ನು ಏಳು ದಿನವಿತ್ತು.

"ಎಲ್ಲರದೂ ಅದೇ ಹಂತ, ನನ್ನದೂ ಅದೇ ಹಂತ. ಆದ್ರೂ ಅವರದು ಯಾಕೆ ಗಟ್ಟಿ?" ಎಂದು ಕೇಳಿದಳು.

ನಾದಿನಿ ಸ್ವಲ್ಪ ಹಿಂದೆಮುಂದೆ ನೋಡಿದಳು. "ಒಳಗೊಂದು ಗುಪ್ತ ಅಂಕ ಇರುತ್ತೆ. ಪರದೆ ಮೇಲೆ ಕಾಣಲ್ಲ. ನೀವು ಕಾಡಲ್ಲಿ ಯಾವ ಪ್ರಾಣೀನ ಸೋಲಿಸ್ತೀರೋ ಅದರ ಗುಣ ಒಂದೊಂದು ಅಂಕ ನಿಮ್ಮದಕ್ಕೆ ಸೇರ್ಕೊಳ್ಳುತ್ತೆ. ಹಕ್ಕಿ ಸೋಲಿಸಿದ್ರೆ ವೇಗ, ಗೂಳಿ ಸೋಲಿಸಿದ್ರೆ ಹೊಡೆತ. ಅಂಥ ಹತ್ತು ಅಂಕ ಸೇರಿದ್ರೆ ಪರದೆ ಮೇಲೆ ಕಾಣೋ ಸಂಖ್ಯೆ ಒಂದು ಏರುತ್ತೆ. ಸ್ಪರ್ಧೆಗೆ ಇಳಿಯೋರು ಲೆಕ್ಕ ಹಾಕಿ ತುಂಬಿಸ್ತಾರೆ."

"ನಾಲ್ಕು ವರ್ಷ ಆಯ್ತು, ಒಂದಿನಾನೂ ಹೇಳ್ಲಿಲ್ಲವಲ್ಲೇ!"

"ನಿಮಗ್ಯಾಕೆ ಬೇಕು ಅದು? ಸುಮ್ನೆ ಆಡೋರಿಗೆ ಅದರಿಂದ ಏನೂ ವ್ಯತ್ಯಾಸ ಆಗಲ್ಲ. ಆಟದ ಕಥೆ ಹಂಗೇ ಮುಗಿಯುತ್ತೆ."

ಸುಮ್ಮನೆ. ಮತ್ತೆ ಅದೇ ಮಾತು. ಅತ್ತಿಗೆ ಎದ್ದು ಸೆರಗು ಬಿಗಿದಳು.

"ವ್ಯತ್ಯಾಸ ಆಗುತ್ತೋ ಇಲ್ವೋ ನಾನು ನೋಡ್ಕೋತೀನಿ. ಏನು ಮಾಡ್ಬೇಕು, ಬರ್ಕೊಡು."

ನಾದಿನಿ ಬರೆದುಕೊಟ್ಟಳು. ಕಣ್ಣಿಗೆ ಕಾಣದ್ದನ್ನು ಎಣಿಸಿ ಎಣಿಸಿಯೇ ಸಂಬಳ ತೆಗೆದುಕೊಳ್ಳುವವಳು, ಬರೆಯುವುದೆಂದರೆ ಹಾಗೆ ಬರೆಯುತ್ತಾಳೆ: ಎರಡನೇ ಊರಿನ ಗುಡ್ಡಕ್ಕೆ ಹೋಗಬೇಕು, ಅಲ್ಲಿನ ಗಾಳಿಹಕ್ಕಿಗಳನ್ನು ಮಾತ್ರ ಸೋಲಿಸಬೇಕು, ದಿನಕ್ಕೆ ನಲವತ್ತು, ಬೇರೆ ಯಾವುದನ್ನೂ ಮುಟ್ಟಕೂಡದು. ಅತ್ತಿಗೆ ಆ ಚೀಟಿಯನ್ನು ಮೇಜಿನ ಮೇಲಿನ ಗೋಡೆಗೆ ಅಂಟಿಸಿದಳು. ಊಟದ ಹೊತ್ತು ಸಾಲದಾದಾಗ ಬಸ್ಸಿಗೆ ಕಾಯುವಾಗ ಹಕ್ಕಿ ಹೊಡೆದಳು. ಬಸ್ಸು ಬಂದಿದ್ದು ಕಾಣದೆ ಎರಡು ಸಲ ತಪ್ಪಿಸಿಕೊಂಡಳು. ಒಲೆಯ ಮುಂದೆ ನಿಂತು ಹೊಡೆದಳು. "ಅಡುಗೆ ಸೀಯ್ತಿದೆ," ಎಂದು ಗಂಡ ಹೇಳಿದರೆ, "ನೀವೇ ಸ್ವಲ್ಪ ತಿರುವಿ, ಹಕ್ಕಿ ಬಂದಿದೆ," ಎಂದಳು. ಮೂರನೇ ದಿನಕ್ಕೆ ಬಲಗೈ ಹೆಬ್ಬೆರಳು ಊದಿಕೊಂಡಿತು. ಅದಕ್ಕೆ ಪಟ್ಟಿ ಸುತ್ತಿ ಮತ್ತೆ ಹೊಡೆದಳು.

ನಾಲ್ಕನೇ ದಿನ ನಾದಿನಿ ಕೆಳಗಿಳಿದು ಬಂದು ಗುಂಡನ ಪುಟ ತೆರೆದು ನೋಡಿದಳು. ವೇಗ: ನಲವತ್ತೊಂದು. ಮೊದಲ ದಿನವೂ ನಲವತ್ತೊಂದೇ ಇತ್ತು.

"ಅತ್ತಿಗೆ, ನಿಜ ಹೇಳಿ. ನೀವು ಹಕ್ಕಿ ಹೊಡೀಲೇ ಇಲ್ಲ ಅಲ್ವಾ?"

"ನೂರಿಪ್ಪತ್ತು ಹೊಡೆದಿದ್ದೀನಿ."

"ನೂರಿಪ್ಪತ್ತು ಹೊಡೆದಿದ್ರೆ ಇಷ್ಟೊತ್ತಿಗೆ ಐವತ್ತು ದಾಟ್ಬೇಕಿತ್ತು. ನೀವು ಅದೇ ಕೆರೆ ಹತ್ರಾನೇ ಕೂತಿದ್ದೀರಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ನಾನೇನು ಬೈತೀನಾ?"

ಅತ್ತಿಗೆ ಪಟ್ಟಿ ಸುತ್ತಿದ ಹೆಬ್ಬೆರಳನ್ನು ಅವಳ ಮೂಗಿನ ಮುಂದೆ ಹಿಡಿದಳು. ಆಮೇಲೆ ರಾಶಿಯಿಂದ ಒಂದು ಶೀಟು ಎಳೆದು ಎರಡು ತುದಿಯನ್ನು ನಾದಿನಿಯ ಕೈಗೆ ತುರುಕಿದಳು. ಶೀಟು ಮಡಿಸಲು ಇಬ್ಬರು ಬೇಕು, ಜಗಳವಾಡುತ್ತಿದ್ದರೂ ಬೇಕು. ಅತ್ತಿಗೆ ಎಷ್ಟು ಜೋರಾಗಿ ಜಗ್ಗಿದಳೆಂದರೆ ನಾದಿನಿ ಎರಡು ಹೆಜ್ಜೆ ಮುಂದಕ್ಕೆ ಬಂದುಬಿಟ್ಟಳು. ಹೀಗೆ ಆರು ಶೀಟು ಮಡಿಕೆಯಾದವು. ಅತ್ತಿಗೆಯ ಕಣ್ಣು ತುಂಬಿತ್ತು. ಸೋಲುವುದಕ್ಕಿಂತ ಸುಳ್ಳಿ ಅನ್ನಿಸಿಕೊಳ್ಳುವುದು ಅವಳಿಗೆ ಕಷ್ಟವಾಗಿತ್ತು.

ಏಳನೆಯ ಶೀಟು ಹಿಡಿದ ನಾದಿನಿ ಹಾಗೇ ನಿಂತಳು. "ತಪ್ಪು ನಂದಿರಬಹುದು," ಎಂದಳು. "ಎಣಿಕೆ ತಾಳೆಯಾಗ್ಲಿಲ್ಲ ಅಂದ್ರೆ ನಾವು ಪೇಷೆಂಟ್ ಮೇಲೆ ಹಾಕಲ್ಲ, ಇನ್ನೊಂದ್ಸಲ ಪರೀಕ್ಷೆ ಮಾಡ್ತೀವಿ. ಗುಂಡನ್ನ ನನ್ನ ಯಂತ್ರಕ್ಕೆ ಕಳಿಸಿ."

ಆಟದ ಕೊನೆಯ ಊರಿನಲ್ಲಿ ಒಬ್ಬ ವೈದ್ಯನಿದ್ದ. ಗುಪ್ತ ಅಂಕವನ್ನು ಅವನು ತೋರಿಸಬಲ್ಲ. ನಾಲ್ಕು ವರ್ಷದಲ್ಲಿ ಅತ್ತಿಗೆ ಮೂರನೇ ಊರನ್ನೇ ದಾಟಿರಲಿಲ್ಲ. ಗುಂಡ ಅವಳ ಪರದೆಯಿಂದ ಮಾಯವಾಗಿ ನಾದಿನಿಯ ಪರದೆಯಲ್ಲಿ ಕಾಣಿಸಿಕೊಂಡಾಗ ಅವಳು ನಾದಿನಿಯ ಪಕ್ಕಕ್ಕೆ ಸರಿದು ಕತ್ತು ಚಾಚಿದಳು. ವೈದ್ಯ ಗುಂಡನನ್ನು ತಿರುಗಿಸಿ ಮುರುಗಿಸಿ ನೋಡಿ ಆರು ಪಟ್ಟಿಗಳನ್ನು ತೋರಿಸಿದ. ನಾಲ್ಕು ಪೂರ್ತಿ ಖಾಲಿ. ಜೀವಬಲ, ರಕ್ಷಣೆ, ಇವೆರಡು ಮಾತ್ರ ಅಂಚಿನವರೆಗೂ ತುಂಬಿದ್ದವು.

ನಾದಿನಿ ಆ ಎರಡು ಪಟ್ಟಿಗಳ ಮೇಲೆ ಬೆರಳಿಟ್ಟಳು. "ಆ ಕೆರೆ ದಡದಲ್ಲಿ ಏನೇನು ಸಿಗುತ್ತೆ ಅತ್ತಿಗೆ?"

"ಬಸವನಹುಳು, ಕಲ್ಲುಗಪ್ಪೆ. ಇನ್ನೇನೂ ಇಲ್ಲ."

"ಯಾವಾಗ್ಲೂ ಅಲ್ಲೇ ಆಡ್ತಿದ್ರಾ?"

"ಮತ್ತೆಲ್ಲಿ ಹೋಗ್ಲಿ? ಇರೋದು ಇಪ್ಪತ್ತು ನಿಮಿಷ. ಗಾಯಕ್ಕೆ ಮದ್ದು ಹಾಕೋ ಗುಡಿಸಲು ಇರೋದು ಕೆರೆ ಪಕ್ಕದಲ್ಲೇ. ದೂರ ಹೋದ್ರೆ ವಾಪಸ್ ಬರೋದ್ರೊಳಗೆ ಗಂಟೆ ಹೊಡೆಯುತ್ತೆ."

"ಹುಳು ಸೋಲಿಸಿದ್ರೆ ಜೀವಬಲ. ಕಪ್ಪೆ ಸೋಲಿಸಿದ್ರೆ ರಕ್ಷಣೆ." ನಾದಿನಿಯ ದನಿ ತಗ್ಗಿತು. "ನಾನು ಪಟ್ಟಿ ಹಾಕ್ಕೊಂಡು ಮಾಡೋದನ್ನ ನೀವು ಊಟದ ಹೊತ್ತಲ್ಲಿ ಮಾಡಿ ಮುಗಿಸಿದ್ದೀರಿ. ಹೋದ ವರ್ಷ ಅರ್ಧ ತುಂಬಿತ್ತೋ ಏನೋ. ಆರೂ ಪಟ್ಟಿಗೆ ಸೇರಿ ಇಷ್ಟೇ ಅಂಕ ಅಂತ ಮಿತಿ ಇದೆ, ಎರಡು ತುಂಬಿದ್ರೆ ಮುಗೀತು. ಈಗ ಒಂದು ಅಂಕಕ್ಕೂ ಜಾಗ ಇಲ್ಲ. ಅದಕ್ಕೇ ಹಕ್ಕಿ ಹೊಡೆದಿದ್ದು ಒಂದೂ ಹತ್ಲಿಲ್ಲ. ನಿಮ್ಮನ್ನ ಸುಮ್ನೆ ಅನುಮಾನಿಸಿದೆ. ತಪ್ಪಾಯ್ತು."

"ಆಯ್ತು ಬಿಡು. ಈಗೇನು ಮಾಡೋದು?"

"ವೈದ್ಯನ ಮನೆ ಹಿಂದೆ ಒಂದು ಬುಗ್ಗೆ ಇದೆ. ಅದರಲ್ಲಿ ತೊಳೆದ್ರೆ ಸೇರಿದ ಅಂಕ ಎಲ್ಲಾ ಹೋಗುತ್ತೆ. ಹೊಸದಾಗಿ ವೇಗ ತುಂಬಬಹುದು. ಮೂರು ದಿನ ಇದೆ, ನಾನೂ ರಜೆ ಹಾಕ್ತೀನಿ, ಇಬ್ರೂ ಸೇರಿ ಮಾಡೋಣ." ಅವಳು ಗುಂಡನನ್ನು ಬುಗ್ಗೆಯ ದಡಕ್ಕೆ ತಂದು ನಿಲ್ಲಿಸಿದಳು. ಹೆಬ್ಬೆರಳು ಗುಂಡಿಯ ಮೇಲಿತ್ತು. "ತೊಳೀಲಾ?"

ತೊಳೆಯುವುದೆಂದರೇನೆಂದು ಅತ್ತಿಗೆಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ರಕ್ತ, ಔಷಧಿ, ಬೆವರು ಎಲ್ಲವೂ ಹೋಗಿ ಶೀಟು ಬೆಳ್ಳಗೆ ಹೊರಬರುತ್ತದೆ, ಯಾರು ಮಲಗಿದ್ದರೆಂಬುದರ ಗುರುತೇ ಉಳಿಯುವುದಿಲ್ಲ. ಅಮ್ಮ ಮಲಗಿದ್ದ ಹಾಸಿಗೆಯ ಶೀಟೂ ಇದೇ ಯಂತ್ರಕ್ಕೆ ಬಂದಿರಬೇಕು. ಯಾವ ದಿನ ಬಂತೋ, ತಾನೇ ಮಡಿಸಿದೆನೋ, ಗೊತ್ತಾಗಲಿಲ್ಲ.

"ಬೇಡ," ಎಂದಳು. "ದಿನಕ್ಕೆ ಎಂಟು ಗಂಟೆ ತೊಳೆಯೋದೇ ಆಯ್ತು. ಇವನೊಬ್ಬನನ್ನಾದ್ರೂ ಹಾಗೇ ಬಿಡು."

"ಇವನು ಓಡಲ್ಲ ಅತ್ತಿಗೆ. ಹೊಡೆಯೋದೂ ಇಲ್ಲ."

"ಓಡ್ದಿದ್ರೆ ಬೇಡ. ನಿಲ್ತಾನಲ್ಲ? ನಿಂತುಕೊಂಡೇ ಗೆಲ್ಲೋದು ಹೇಗೆ, ಅದನ್ನ ಹೇಳಿಕೊಡು."

ನಿಧಾನವಾಗಿ ನಾದಿನಿಯ ಮುಖ ಅರಳಿತು. "ಅಂಟುಬಳ್ಳಿ," ಎಂದಳು.

ಅಂಟುಬಳ್ಳಿ ಎಂಬುದೊಂದು ವಿದ್ಯೆ. ಎದುರಾಳಿಯ ಮೈಗೆ ಬಳ್ಳಿ ಎಸೆದರೆ ಅದು ಸರದಿಗೊಮ್ಮೆ ಚೂರುಚೂರೇ ಜೀವ ಹೀರಿ ಎಸೆದವನಿಗೆ ಕೊಡುತ್ತದೆ. ಯಾರೂ ಅದನ್ನು ಕಲಿಸುವುದಿಲ್ಲ. ಅಷ್ಟು ಹೊತ್ತು ಬದುಕಿ ಉಳಿಯುವ ಪ್ರಾಣಿ ಎಲ್ಲಿದೆ? ಉಳಿದ ಮೂರು ದಿನವೂ ಅವರಿಬ್ಬರೂ ಊಟದ ಹೊತ್ತಿನಲ್ಲಿ ಅದೊಂದನ್ನೇ ಆಡಿದರು. ಯಾವಾಗ ಎಸೆಯಬೇಕು, ಯಾವಾಗ ಗುಂಡ ಕಲ್ಲಿನೊಳಗೆ ಮುದುಡಬೇಕು, ಯಾವಾಗ ಏಟಿಗೆ ಮೈಯೊಡ್ಡಿ ಸುಮ್ಮನಿರಬೇಕು ಎಂದು ಅತ್ತಿಗೆ ಬೆರಳಿಗೆ ಬಾಯಿಪಾಠ ಮಾಡಿಸಿದಳು.

ಸ್ಪರ್ಧೆಯ ದಿನ ಚೀಟಿ ಎತ್ತಿದಾಗ ಮತ್ತೆ ಎಕ್ಸ್‌ರೇ ಸಾಹೇಬನೇ ಬಂದ. "ಅಯ್ಯೋ ಅತ್ತಿಗೆ, ಮತ್ತೆ ನಾವೇನಾ!" ಎಂದು ಕುರ್ಚಿ ಎಳೆದುಕೊಂಡ. ಗುಂಡನನ್ನು ಕಂಡು ಇನ್ನೂ ಖುಷಿಯಾದ.

ಅವನದು ಮಿಂಚುನರಿ. ಗುಂಡ ಕಣ್ಣು ಬಿಡುವ ಮೊದಲೇ ಬಂದು ಬಡಿಯಿತು. ಗುಂಡನ ಜೀವದ ಪಟ್ಟಿ ಮೂರನೇ ಒಂದು ಪಾಲು ಇಳಿಯಿತು. ಅತ್ತಿಗೆ ಬಳ್ಳಿ ಎಸೆದಳು. ನರಿ ಮತ್ತೆ ಬಡಿಯಿತು. ಗುಂಡ ಕಲ್ಲೊಳಗೆ ಮುದುಡಿದ.

"ಹೊಡೀರಿ ಅತ್ತಿಗೆ, ನಾಚ್ಕೋಬೇಡಿ," ಎಂದ ಸಾಹೇಬ. ಸುತ್ತ ನಗು ಎದ್ದಿತು.

ಅತ್ತಿಗೆ ತಲೆ ಎತ್ತಲಿಲ್ಲ. ಬಳ್ಳಿ ಹೀರಿತು, ನರಿ ಬಡಿಯಿತು, ಗುಂಡ ಮುದುಡಿದ. ಐದನೇ ಸರದಿಗೆ ನಗು ನಿಂತಿತು. ಏಳನೆಯದಕ್ಕೆ ಸಾಹೇಬ ಕುರ್ಚಿಯ ತುದಿಗೆ ಬಂದ. ಎಂಟನೆಯದಕ್ಕೆ ಗುಂಡನ ಪಟ್ಟಿಯಲ್ಲಿ ಕೂದಲೆಳೆಯಷ್ಟು ಕೆಂಪು ಉಳಿಯಿತು. ಅತ್ತಿಗೆಯ ಹಿಂದೆ ನಿಂತಿದ್ದ ನಾದಿನಿ ಅವಳ ಭುಜ ಗಟ್ಟಿಯಾಗಿ ಹಿಡಿದಳು. ಬಳ್ಳಿ ಮತ್ತೊಮ್ಮೆ ಹೀರಿತು, ಕೆಂಪು ಒಂದಿಷ್ಟು ಉದ್ದವಾಯಿತು. ಒಂಬತ್ತನೇ ಸರದಿಯಲ್ಲಿ ನರಿ ಕಾಲು ಮಡಚಿ ಕೂತು ಹಾಗೇ ಒರಗಿತು.

"ಇದೇನಿದು! ನೀವು ಒಂದೇಟೂ ಹೊಡೀಲೇ ಇಲ್ಲ!"

"ಸಾಕಿದ್ದೀನಿ ಸಾಹೇಬ್ರೇ," ಎಂದಳು ಅತ್ತಿಗೆ. ಅವಳ ದನಿ ಕೊನೇ ಮೇಜಿನವರೆಗೂ ಕೇಳಿಸಿತು. "ಹೋದ ವರ್ಷ ಕೇಳಿದ್ರಲ್ಲ. ಸಾಕಿದ್ದೀನಿ."

ಎರಡನೇ ಸುತ್ತಿನಲ್ಲಿ ಔಷಧಿ ಅಂಗಡಿಯ ಹುಡುಗಿಯ ಬೆಂಕಿಹಲ್ಲಿ ಬಳ್ಳಿಯನ್ನು ಸುಟ್ಟುಹಾಕಿತು. ಗುಂಡ ಬಿದ್ದ. ಅತ್ತಿಗೆ ಆ ಹುಡುಗಿಯ ಬೆನ್ನು ತಟ್ಟಿ, ಯಂತ್ರವನ್ನು ಚೀಲಕ್ಕಿಳಿಸಿ ಮೆಟ್ಟಿಲಿಳಿದಳು.

ಸೋಮವಾರ ಮಧ್ಯಾಹ್ನ ನಾದಿನಿ ಕೆಳಗೆ ಬಂದಾಗ ಅತ್ತಿಗೆ ಶೀಟುಗಳಿಗೆ ಒರಗಿ ಕೂತಿದ್ದಳು. ಗೋಡೆಯ ಮೇಲಿನ ಚೀಟಿ ಇರಲಿಲ್ಲ. ಪರದೆಯ ಮೇಲೆ ಅದೇ ಕೆರೆ, ಅದೇ ಗುಡಿಸಲು.

"ಅತ್ತಿಗೆ, ಅಲ್ಲಿ ಇನ್ನು ಏನೂ ಸೇರಲ್ಲ. ತುಂಬಿದೆ, ಗೊತ್ತಲ್ಲ?"

"ಗೊತ್ತು."

"ಮತ್ತೆ?"

"ಇನ್ನೂ ಹನ್ನೆರಡು ನಿಮಿಷ ಇದೆ."

ಒಣಗಿಸುವ ಯಂತ್ರವೊಂದು ನಿಂತಿತು. ನಾದಿನಿ ಅದರ ಬಾಗಿಲು ತೆರೆದು ಬಿಸಿ ಶೀಟೊಂದನ್ನು ತೆಗೆದು, ಎರಡು ತುದಿಯನ್ನು ತಾನು ಹಿಡಿದು, ಉಳಿದೆರಡನ್ನು ಅತ್ತಿಗೆಯ ಮೊಣಕಾಲ ಮೇಲಿಟ್ಟು ಕಾಯುತ್ತ ನಿಂತಳು. ಪರದೆಯಲ್ಲಿ ಕೆಸರು ಅಲುಗಿತು. ಬಸವನಹುಳುವೊಂದು ಮೇಲೆದ್ದಿತು, ಗುಂಡ ಎಂದಿನಂತೆ ನಿಧಾನವಾಗಿ ಒಂದು ಹೆಜ್ಜೆ ಮುಂದಿಟ್ಟ.