ಕಾಕಾಸಾಹೇಬರ ಬಯಕೆ ಹಾಡು

ನಿಪ್ಪಾಣಿಯ ಆ ಬೀಡಿ ಶೆಡ್ಡಿನಲ್ಲಿ ಕೂತರೆ ಮೊದಲು ಸೀನು, ಆಮೇಲೆ ಕೆಮ್ಮು, ಕೊನೆಗೆ ಸೊಂಟ ತನ್ನ ಗೋಳು ಶುರು ಮಾಡುತ್ತದೆ. ಬಿಸ್ಮಿಲ್ಲಾಗೆ ಮೂರೂ ಹಳೇ ನೆಂಟರು. ಮೊರದ ತುಂಬ ತಂಬಾಕು, ಪಕ್ಕದಲ್ಲಿ ಒದ್ದೆ ಎಲೆ, ಬೆರಳಿಗೆ ಪುರುಸೊತ್ತಿಲ್ಲ. ಬಾಯಿಯೊಂದೇ ಖಾಲಿ, ಅದಕ್ಕೇ ಹಾಡುತ್ತಿದ್ದಳು. ಅವಳ ಬಯಕೆ ಹಾಡೆಂದರೆ ಶೆಡ್ಡಿನ ಹೆಂಗಸರಿಗೆಲ್ಲ ಹುಚ್ಚು. ಎಂಟು ತಿಂಗಳ ಬಸುರಿ ಹುಳಿ ಮಾವಿನಕಾಯಿ ತಾ ಎಂದು ಗಂಡನ ಜೀವ ತಿನ್ನುವ ಹಾಡು ಅದು. ಮಗಳು ಗುಲನಾಜ ಹೊಟ್ಟೆಯಲ್ಲಿದ್ದಾಗ ತಾನೇ ಕಟ್ಟಿದ್ದಳು.

ಆ ಗುಲನಾಜ ಈಗ ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿತು, ಶೆಡ್ಡಿನ ಮಾಲೀಕ ಕಾಕಾಸಾಹೇಬರ ಆಫೀಸಿನಲ್ಲೇ ಕೆಲಸಕ್ಕಿದ್ದಳು. ಶೆಡ್ಡಿನ ಹಾಡುಗಳನ್ನೆಲ್ಲ ರೆಕಾರ್ಡು ಮಾಡಿ, ಮೊಬೈಲಿನಲ್ಲಿ ಕೇಳಲು ಒಂದು ಆ್ಯಪ್ ಮಾಡಿದಳು. ತೆರೆದರೆ ರೊಟ್ಟಿಯಷ್ಟು ದೊಡ್ಡ ಗುಂಡಿ, ಕೆಳಗೆ ಹಾಡಿದವಳ ಹೆಸರು. ಕೈಗೆ ಬಿಡುವಿಲ್ಲದವರು ಮೊಣಕೈಯಿಂದ ಒತ್ತಲಿ ಅಂತಲೇ ಅಷ್ಟು ದೊಡ್ಡದು! ಕರೋಶಿ, ರಾಯಬಾಗದ ಕಡೆಯವರೂ ಕೇಳತೊಡಗಿದರು. ಆಗ ಕಾಕಾಸಾಹೇಬರ ಕಿವಿ ನೆಟ್ಟಗಾಯಿತು, ಗುಲನಾಜಳನ್ನು ಕರೆಸಿದರು.

"ಆ್ಯಪಿನ ಮಾರಿ ಬದಲ ಮಾಡು. ತೆರದ ಕೂಡ್ಲೆ ನಾ ಕೈ ಮುಗೀಬೇಕು."

"ಮಾಡ್ತೀನ್ರಿ."

"ನೆಟ್ ಸಿಗದಾಗ ಒಂದ ಚಕ್ರ ಗರಗರ ತಿರಗತೈತಲ್ಲ, ಅದನ್ನ ತಗಿ. ನನ್ನ ಫೋಟೋ ತಿರಗಲಿ."

"ಚೊಲೋ ಕಾಣೂದಿಲ್ರಿ, ಸಾಹೇಬ್ರ."

"ಕಾಣತೈತಿ. ಮತ್ತ ಈ ಹೆಂಗಸೂರ ಹೆಸರ ಯಾಕ? ಅವರ ಹೆಸರ ಇದ್ದಲ್ಲೆಲ್ಲಾ ನನ್ನ ಹೆಸರ ಹಾಕು."

"ಹಾಡಿದೋರು ಅವರ ಅಲ್ರಿ?"

"ಶೆಡ್ಡ ಯಾರದು? ನಂದು. ನನ್ನ ಶೆಡ್ಡಿನಾಗಿನ ಹಾಡೂ ನಂದ. ಆಗೂದಿಲ್ಲಂದ್ರ ನಾಳಿಂದ ನಿಮ್ಮವ್ವಗ ಎಲಿ ಸಿಗೂದಿಲ್ಲ ನೋಡು."

ಎಲೆ ಸಿಗದಿದ್ದರೆ ಬೀಡಿ ಇಲ್ಲ, ಬೀಡಿ ಇಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಗುಲನಾಜ ಹಲ್ಲು ಕಚ್ಚಿಕೊಂಡು ಅವರು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು.

ಮರುದಿನ ಶೆಡ್ಡಿನಲ್ಲಿ ಬಿಸ್ಮಿಲ್ಲಾ ಮೊಣಕೈಯಿಂದ ಒತ್ತಿದಳು. ಕಾಕಾಸಾಹೇಬರು ಕೈ ಮುಗಿದರು. ನೆಟ್ ಹೋಯಿತು. ಕಪ್ಪು ಕನ್ನಡಕ, ಮೀಸೆ, ಡಬಲ್ ಗದ್ದದ ಸಮೇತ ಸಾಹೇಬರ ಮುಖ ಗರಗರ ತಿರುಗತೊಡಗಿತು.

"ಅಯ್ಯ ಇವನ! ಸಾಹೇಬ್ರಿಗೆ ಚಕ್ಕರ ಬಂತಲ್ಲವ್ವಾ, ಯಾರರ ಉಳ್ಳಾಗಡ್ಡಿ ಮೂಸಸ್ರಿ!" ಎಂದಳು ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕವ್ವ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಹಾಡು ಬಂತು, ಕೆಳಗೆ ಅಕ್ಷರಗಳೂ ಬಂದವು. ಕಟ್ಟಿ ಹಾಡಿದವರು: ಕಾಕಾಸಾಹೇಬ.

ಬಿಸ್ಮಿಲ್ಲಾಳ ನಗು ನಿಂತಿತು. ಊಟದ ಹೊತ್ತಿಗೆ ಮಗಳನ್ನು ಹಿಡಿದು ಕೇಳಿದಳು.

"ನೀ ಹೊಟ್ಟ್ಯಾಗಿದ್ದಾಗ ಕಟ್ಟಿದ ಹಾಡ ಅದು. ಬಸುರಿ ಆದಾಕಿ ನಾನಾ, ಅವರಾ?"

"ನಿನಗ ಎಲಿ ಕೊಡೂದಿಲ್ಲಂದ್ರ ಅಮ್ಮಿ, ಅದಕ್ಕ..."

"ಎಲಿ ಅವರದು ಬೇಟಾ, ಹೌದು. ಬಾಯಿ ನಂದಲ್ಲಾ?" ಬಿಸ್ಮಿಲ್ಲಾ ತುತ್ತು ಕೆಳಗಿಟ್ಟು ಅತ್ತೇಬಿಟ್ಟಳು. ಗುಲನಾಜಗೆ ನೆಲ ಸೀಳಿ ಒಳಗೆ ಹೋಗುವಂತಾಯಿತು.

ಅಕ್ಕವ್ವ ರೊಟ್ಟಿ ಮುರಿಯುತ್ತ ಹೇಳಿದಳು, "ಅಳಬ್ಯಾಡ ಬೇ. ಸಾಹೇಬ್ರ ಹಾಡಂದ್ರ ಸಾಹೇಬ್ರ ಬಾಯಿಲೇ ಕೇಳೂನು."

ಮುಂದಿನ ವಾರ ಊರಿನ ಮಂಗಲ ಕಾರ್ಯಾಲಯದಲ್ಲಿ ಹೊಸ ಆ್ಯಪಿನ ಉದ್ಘಾಟನೆ. ಸಾಹೇಬರಿಗೆ ಶಾಲು, ಹಾರ, ತಲೆಗೆ ಫೇಟಾ. ಹಿಂದೆ ದೊಡ್ಡ ಪರದೆ, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಗುಲನಾಜ. ಚಪ್ಪಾಳೆಗೆಂದು ಶೆಡ್ಡಿನವರನ್ನೆಲ್ಲ ಕರೆಸಿದ್ದರು. ಭಾಷಣ ಮುಗಿಯುವುದೇ ತಡ, ಅಕ್ಕವ್ವ ಎದ್ದು ನಿಂತಳು.

"ಸಾಹೇಬ್ರ, ನಿಮ್ಮ ಬಯಕಿ ಹಾಡ ಒಂದ ನುಡಿ ಹೇಳ್ರಿ."

"ಗಂಟಲ ಹಿಡದೈತಿ."

"ಹೊಟ್ಟಿ ಅಂತೂ ಬಂದೈತಿ. ದನಿ ಬರಲಿಲ್ಲಂದ್ರ ಹೆಂಗ್ರಿ?"

ಮುಂದಿನ ಸಾಲಿನ ಹಾರ ಹಾಕಿಸಿಕೊಂಡವರೂ ಕಿಸಕ್ಕೆಂದರು. ಮರ್ಯಾದೆ ಪ್ರಶ್ನೆ! ಸಾಹೇಬರು ಮೈಕು ಹಿಡಿದರು. "ಎಂಟ... ಎಂಟ ತಿಂಗಳಾ..." ಮುಂದೆ ಬರಲೊಲ್ಲದು.

"ಎಷ್ಟನೇದ್ರಿ ಇದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಕಾರ್ಯಾಲಯ ಗೊಳ್ಳೆಂದಿತು. ಸಾಹೇಬರು ಕೆಂಡವಾದರು. "ನಾಳಿಂದ ಒಬ್ಬಾಕಿಗೂ ಎಲಿ ಇಲ್ಲ!"

"ಬ್ಯಾಡ್ರಿ. ಬಸುರಿ ಹಾಡ ಕಟ್ಟಿದೋರಿಗೆ ಬೀಡಿ ಕಟ್ಟೂದೇನ ಮಹಾ? ನೀವ ಕಟ್ಕೋರಿ," ಎಂದಳು ಅಕ್ಕವ್ವ. ಹೆಂಗಸರು ಒಬ್ಬರ ಹಿಂದೊಬ್ಬರು ಎದ್ದರು. ಸಾಹೇಬರು ಲೆಕ್ಕ ಹಾಕಿದರು. ಎದ್ದವರೆಲ್ಲ ಹೋದರೆ ಬೀಡಿ ಕಟ್ಟಲು ತಾವೊಬ್ಬರೇ ಉಳಿಯುತ್ತಿದ್ದರು. "ಕೂಡ್ರಿ, ಎಲಿ ಕೊಡತೀನಿ," ಎಂದರು.

ಬಿಸ್ಮಿಲ್ಲಾ ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದಳು. ಕೈಯಲ್ಲಿ ತಂಬಾಕಿನ ವಾಸನೆ ಹಾಗೇ ಇತ್ತು. ಮೈಕು ಇಸಿದುಕೊಂಡು ಹಾಡಿದಳು. ಗುಲನಾಜ ಕಂಪ್ಯೂಟರ್ ತೆರೆದಳು. ದೊಡ್ಡ ಪರದೆಯ ಮೇಲೆ ಎಲ್ಲರ ಕಣ್ಣೆದುರೇ ಸಾಹೇಬರ ಹೆಸರು ಅಳಿಸಿಹೋಯಿತು, ಅಲ್ಲಿ ಬಿಸ್ಮಿಲ್ಲಾ ಎಂದು ಮೂಡಿತು. ಮುಂದಿನ ಹಾಡಿಗೆ ಅಕ್ಕವ್ವ.

ಕಾಕಾಸಾಹೇಬರು ಜಾರಿದ ಫೇಟಾ ಹಿಡಿದುಕೊಂಡು ಪಿಸುಗುಟ್ಟಿದರು. "ಒಂದ ಕಡೀಗಾದ್ರೂ ನನ್ನ ಹೆಸರ ಇಡವ್ವಾ."

ಗುಲನಾಜ ತಾಯಿಯ ಕೈಯಿಂದ ಮೈಕು ತೆಗೆದುಕೊಂಡು ಅವರತ್ತ ಚಾಚಿದಳು.

"ಮೊದಲ ಹಾಡ್ರಿ, ಸಾಹೇಬ್ರ."